ಭಾನುವಾರದ ಕಾರು

ಭಾನುವಾರ ಬೆಳಿಗ್ಗೆ ಕೃಷ್ಣಾನಂದ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮಗಳ ಯೂನಿಫಾರ್ಮಿನ ಕಾಲರು ತಿಕ್ಕುತ್ತಿದ್ದ. ಶಾಯಿಯ ಕಲೆ ಅರ್ಧ ಹೋಗಿತ್ತು, ಇನ್ನರ್ಧ ಹಟ ಹಿಡಿದು ಕೂತಿತ್ತು. ಅಷ್ಟರಲ್ಲಿ ಬೇಲಿಯ ಮೇಲಿಂದ ಒಂದು ಅಬ್ಬಲಿಗೆ ಹೂವಿನ ದಂಡೆ ಎದ್ದಿತು, ಅದರ ಕೆಳಗೆ ಪಕ್ಕದ ಮನೆಯ ದೇವಿಯಕ್ಕನ ಮುಖ.

"ಎಂತ ಮಾಡ್ತೆ ಕೃಷ್ಣಾನಂದಾ?"

"ಬಟ್ಟೆ ತೊಳೀತಿದ್ದೆ ಅಕ್ಕಾ."

"ಅದ್ನ ಬಿಡು. ಕಾರು ತೆಗಿ."

ಬ್ರಷ್ಷು ಅವನ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು.

ದೇವಿಯಕ್ಕನ ಅಣ್ಣ ಶುಕ್ರಣ್ಣ ಕುಮಟಾದ ಆಚೆಯ ತದಡಿಯವನು. ಅವನ ಮಗಳು ರಂಜಿತಾಳ ನಿಶ್ಚಿತಾರ್ಥ ಅಂದೇ ಮಧ್ಯಾಹ್ನ. ಹೇಳಿಟ್ಟಿದ್ದ ವ್ಯಾನಿನವನು ಈಗಷ್ಟೇ ಫೋನ್ ಮಾಡಿ, ಗೇರ್ ಬಾಕ್ಸ್ ಹೋಯಿತು ಎಂದಿದ್ದನಂತೆ. "ಹೋದ್ರೆ ಹೋಗ್ಲಿ ಅಂದೆ. ಬಗಲಲ್ಲೇ ನಿನ್ನ ಕಾರಿರೂವಾಗ ನಂಗೆಂತ ಚಿಂತೆ" ಎಂದಳು ದೇವಿಯಕ್ಕ.

ಕೃಷ್ಣಾನಂದನಿಗೆ ಕಾರು ಇರಲಿಲ್ಲ. ಇದ್ದದ್ದು ಡ್ರೈವಿಂಗ್ ಮಾತ್ರ.

ವಾರದ ದಿನಗಳಲ್ಲಿ ಅವನು ಮೀನುಗಾರರ ಸೊಸೈಟಿಯೊಂದರ ಗುಮಾಸ್ತ. ಅದಕ್ಕೂ ಮೊದಲು ಕೆಲವು ವರ್ಷ ಮೀನಿನ ವ್ಯಾನು ಓಡಿಸಿದ್ದ. ಆ ವಿದ್ಯೆ ಭಟ್ಕಳದಲ್ಲಿ ಹಾಳಾಗುವಂಥದ್ದಲ್ಲ. ಇಲ್ಲಿ ಎಷ್ಟೋ ಮನೆಗಳ ಗಂಡಸರು ದುಬೈಯಲ್ಲಿ, ಅವರ ಕಾರುಗಳು ಊರಲ್ಲಿ. ಯಜಮಾನರು ರಜೆಗೆ ಬರುವತನಕ ಅವು ಹೊದಿಕೆಯೊಳಗೆ ಎಮ್ಮೆಗಳ ಹಾಗೆ ಮಲಗಿರುತ್ತವೆ. ಹಾಗೇ ಬಿಟ್ಟರೆ ಬ್ಯಾಟರಿ ಸಾಯುತ್ತದೆ, ಟೈರು ಕೂರುತ್ತದೆ, ಇಲಿಗಳು ವೈರಿನಲ್ಲಿ ಸಂಸಾರ ಹೂಡುತ್ತವೆ. ವಾರಕ್ಕೊಮ್ಮೆ ಯಾರಾದರೂ ಹೋಗಿ ಸ್ಟಾರ್ಟ್ ಮಾಡಿ, ಹತ್ತಿರದ ಶಿರಾಲಿಯವರೆಗೆ ಒಂದು ಸುತ್ತು ಓಡಿಸಿ, ಒರೆಸಿ ಇಡಬೇಕು. ಇಸ್ಮಾಯಿಲ್ ಸಾಹೇಬರ ಬಿಳಿ ಇನ್ನೋವಾದ ಈ ಸೇವೆ ಕೃಷ್ಣಾನಂದನಿಗೆ ಸಿಕ್ಕಿತ್ತು. ಸಾಹೇಬರು ಗೇಟಿನ ಕೀಲಿ, ಕಾರಿನ ಕೀಲಿ ಎರಡನ್ನೂ ಅವನ ಕೈಯಲ್ಲಿಟ್ಟು, "ನಿನ್ನ ಮೇಲೆ ಭರೋಸ ಇದೆ" ಎಂದು ವಿಮಾನ ಹತ್ತಿದ್ದರು.

ಕೈಗೆ ನಾಲ್ಕು ಕಾಸು ಹೆಚ್ಚು ಬರುವ ಮರ್ಯಾದೆಯ ಕೆಲಸ. ಆದರೆ ಕೃಷ್ಣಾನಂದನಿಗೆ ನಾಚಿಕೆ. ಸೊಸೈಟಿಯ ಗುಮಾಸ್ತ ಕಂಡವರ ಕಾರು ಒರೆಸುತ್ತಾನೆ ಎಂದು ಊರು ಆಡಿಕೊಂಡರೆ? ಹೆಂಡತಿ ಜಯಂತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಭಾನುವಾರ ಮಗಳು ಚಂದನಾ ತಾನೂ ಬರುತ್ತೇನೆಂದು ಅತ್ತಳು. ಕೂರಿಸಿಕೊಂಡು ಹೊರಟ. ದೇವಿಯಕ್ಕ ಬಸ್ ಸ್ಟ್ಯಾಂಡಿನಲ್ಲಿ ನಿಂತವಳು ನೋಡಿಬಿಟ್ಟಳು. "ಓಹೋ, ಕಾರು ತಕಂಡ್ಯಾ? ಹೇಳ್ಳೇ ಇಲ್ಲ" ಎಂದಳು. "ಇಲ್ಲ" ಎನ್ನಲು ಅವನು ಬಾಯಿ ತೆರೆದಿದ್ದ. ಆದರೆ ಪಕ್ಕದಲ್ಲಿ ಚಂದನಾ ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು. ತೆರೆದ ಬಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಅವನು ನಕ್ಕ. ಅಷ್ಟೇ. ಆ ನಗು ಸಂಜೆಯೊಳಗೆ ಕೇರಿಯನ್ನೆಲ್ಲ ಸುತ್ತಿ ಬಂದಿತು. ಅಂಗಳದಲ್ಲಿ ಜಾಗವಿಲ್ಲ, ಕಾರನ್ನು ಬೇರೆಲ್ಲೋ ನಿಲ್ಲಿಸುತ್ತಾನೆ ಎಂಬ ಕಾರಣವನ್ನೂ ಕೇರಿಯೇ ಹುಡುಕಿಕೊಂಡಿತು.

"ಈಗಾದ್ರೂ ಬಾಯಿಬಿಟ್ಟು ಹೇಳಿ" ಎಂದು, ದೇವಿಯಕ್ಕ ಬೇಲಿಯಿಂದ ಆಚೆ ಹೋದ ಕೂಡಲೇ, ಜಯಂತಿ ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಿಮ್ಗಾಗ್ದಿದ್ರೆ ನಾ ಹೇಳ್ತೆ."

"ಬೇಡ ಮಾರಾಯ್ತಿ. ಮಗಳ ಮುಂದೆ ಅಪ್ಪ ಸುಳ್ಳುಗಾರ ಆಗೂದಾ? ಒಂದಿನ. ಹೆಂಗೂ ಇವತ್ತು ಸ್ಟಾರ್ಟ್ ಮಾಡ್ಬೇಕಲ್ಲ. ಸುತ್ತು ಸ್ವಲ್ಪ ದೊಡ್ಡದಾಯ್ತು ಅಂದ್ಕಂಬೂದು."

"ಶಿರಾಲಿಗೂ ತದಡಿಗೂ ಸ್ವಲ್ಪವಾ? ನಾ ಅಂತೂ ಬರೂದಿಲ್ಲ" ಎಂದು ಜಯಂತಿ ಕಲ್ಲಿನ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಕಾಲರಿನ ಕಡೆ ನಡೆದಳು.

ಕಾರು ಬಂದು ನಿಂತಿತು. ಹಿಂದೆ ದೇವಿಯಕ್ಕ, ಅವಳ ಅತ್ತೆ ಬಂಗಾರಜ್ಜಿ, ನಡುವೆ ಚಂದನಾ. ಮುಂದೆ ದೇವಿಯಕ್ಕನ ಗಂಡ ರಾಮಣ್ಣ. ಸ್ಟೇರಿಂಗನ್ನು ಜನ್ಮದಲ್ಲಿ ಮುಟ್ಟದಿದ್ದರೂ ಕಾರಿನ ಬಗ್ಗೆ ರಾಮಣ್ಣನಿಗೆ ತಿಳಿಯದ್ದು ಏನೂ ಇರಲಿಲ್ಲ.

"ಬಾಗ್ಲ ಮೆತ್ತಗೆ ಹಾಕಿ ಅಕ್ಕಾ" ಎಂದ ಕೃಷ್ಣಾನಂದ.

"ಹೊಸ ಕಾರಿನವ್ರ ಗತ್ತು ನೋಡು" ಎಂದು ದೇವಿಯಕ್ಕ ಧಡಾರನೆ ಹಾಕಿದಳು. ಬಾಗಿಲು ಅವನ ಎದೆಗೇ ಬಡಿದ ಹಾಗಾಯಿತು.

ಮುರ್ಡೇಶ್ವರ ದಾಟುವಷ್ಟರಲ್ಲಿ ಬಂಗಾರಜ್ಜಿ ಮಡಿಲಿನ ಗಂಟು ಬಿಚ್ಚಿದಳು. ಮದುಮಗಳಿಗೆಂದು ತಂದ ಒಣ ಸಿಗಡಿ ಸರಿಯಾಗಿದೆಯೋ ಇಲ್ಲವೋ ನೋಡಬೇಕಿತ್ತಂತೆ. ಸರಿಯಾಗಿತ್ತು. ಅದರ ಪರಿಮಳ ಸಾಹೇಬರ ಸೀಟುಗಳ ಒಳಗಿಳಿದು ಖಾಯಂ ನಿವಾಸಿಯ ಹಾಗೆ ನೆಲೆಸಿತು. ಕೃಷ್ಣಾನಂದ ನಾಲ್ಕೂ ಗಾಜು ಇಳಿಸಿದ.

"ಎ.ಸಿ. ಇಟ್ಕಂಡು ಗಾಜು ಇಳಿಸ್ತ್ಯಲ್ಲ ಮಾರಾಯ" ಎಂದ ರಾಮಣ್ಣ. "ಕಂಪ್ರೆಸರ್ ಹೋಗ್ತದೆ."

"ಅಪ್ಪಾ, ಒಂದು ಕೇಳ್ಲಾ?" ಎಂದಳು ಚಂದನಾ.

"ಆಮೇಲೆ ಕೇಳು ಮಗಾ. ಅಪ್ಪ ಗಾಡಿ ಓಡಿಸ್ತಿದ್ದ."

ಶರಾವತಿಯ ಸೇತುವೆ ಹೋಯಿತು, ಹೊನ್ನಾವರ ಹೋಯಿತು, ಕರ್ಕಿ ಹೋಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಕೃಷ್ಣಾನಂದನ ಬೆನ್ನು ಸೀಟಿಗೆ ಒರಗುವ ಧೈರ್ಯ ಮಾಡುತ್ತಿದ್ದಾಗ ಎದುರಿಗೆ ಹೊಳೆಗದ್ದೆಯ ಟೋಲ್ ಕಾಣಿಸಿತು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕಾಣಿಸಿತು. ಟ್ಯಾಗು ಸಾಹೇಬರದು, ಮೆಸೇಜು ಹೋಗುವುದು ಸಾಹೇಬರ ಫೋನಿಗೆ. ಅವನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

"ಎಂತ ಆತು? ಟ್ಯಾಗ್ ಇದ್ಯಲ್ಲ, ಹೊಡಿ ಮುಂದೆ" ಎಂದ ರಾಮಣ್ಣ. ಹಿಂದೆ ಲಾರಿಯವನು ಹಾರನ್ ಮೇಲೆ ಮಲಗಿಬಿಟ್ಟಿದ್ದ.

ಕೃಷ್ಣಾನಂದ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದು ಅಂಗೈಯನ್ನು ಟ್ಯಾಗಿನ ಮೇಲೆ ಒತ್ತಿ, ದೇವರ ಮುಂದೆ ಆಣೆ ಮಾಡುವವನ ಹಾಗೆ ಕಾರನ್ನು ಇಂಚಿಂಚೇ ಮುಂದೆ ತಂದ. "ಟ್ಯಾಗು ಹಾಳಾಗಿದೆ ತಂಗೀ, ರೊಕ್ಕ ಕೊಡ್ತೆ" ಎಂದು ಕಿಟಕಿಯ ಹುಡುಗಿಗೆ ಹೇಳಿ ಮುಗಿಸಿರಲಿಲ್ಲ, ಯಂತ್ರ ಕಿಂಯ್ ಎಂದಿತು. ಅಡ್ಡಗಂಬ ಎದ್ದಿತು.

"ಚಲೋ ಇದ್ಯಲ್ಲ ಅಣ್ಣಾ ಟ್ಯಾಗು" ಎಂದಳು ಹುಡುಗಿ.

"ಟೋಲಿಗೂ ಹೆದರೂವಷ್ಟು ಜುಗ್ಗ ಅಂತ ಗೊತ್ತಿರ್ಲಿಲ್ಲ ನೀನು" ಎಂದಳು ದೇವಿಯಕ್ಕ.

ಕುಮಟಾ ಮುಟ್ಟುವ ಮೊದಲೇ ಅವನ ಫೋನು ರಿಂಗಾಯಿತು. ಅದು ಚಂದನಾಳ ಕೈಯಲ್ಲಿತ್ತು. ಟೋಲಿನ ಮೆಸೇಜು ಕಂಡು ಸಾಹೇಬರೇ ಮಾಡಿದ್ದಿರಬೇಕು. ಅವರ ಹೆಸರನ್ನು ಕೃಷ್ಣಾನಂದ 'ಕಾರ್ ಸಾಹೇಬ್ರು' ಎಂದೇ ಬರೆದಿಟ್ಟಿದ್ದ, ಮಗಳಿಗೋ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಅಭ್ಯಾಸ. ಚಂದನಾ ಹೆಸರು ನೋಡಿದಳು. ಓದಲಿಲ್ಲ. ಬಟನ್ ಒತ್ತಿ ಸದ್ದು ನಿಲ್ಲಿಸಿ, ಫೋನನ್ನು ಮಗುಚಿ ಲಂಗದ ಮೇಲೆ ಇಟ್ಟುಕೊಂಡಳು.

"ಅಪ್ಪಾ, ಈಗ ಕೇಳ್ಲಾ?"

"ಊಟ ಆದ್ಮೇಲೆ ಮಗಾ."

ಕುಮಟಾದಲ್ಲಿ ದೇವಿಯಕ್ಕ ಮಲ್ಲಿಗೆ ಕೊಳ್ಳಲು ಇಳಿದಾಗ ಕೃಷ್ಣಾನಂದ ಫೋನು ಹಿಡಿದು ಮುಚ್ಚಿದ ಅಂಗಡಿಯೊಂದರ ಮರೆಗೆ ಹೋದ. ಸಾಹೇಬರ ವಾಯ್ಸ್ ಮೆಸೇಜು ಬಂದು ಕೂತಿತ್ತು. ಕಿವಿಗಿಟ್ಟುಕೊಂಡ.

"ಕೃಷ್ಣಾನಂದ, ಟೋಲಿನ ಮೆಸೇಜ್ ಬಂತು. ಮನೇಲಿ ಎಲ್ಲ ಖೈರಿಯತ್ತಾ? ಯಾರಿಗಾದ್ರೂ ಆಸ್ಪತ್ರೆಗೆ ತಕೊಂಡು ಹೋಗೋದಿದ್ರೆ ಕಾರು ಇಟ್ಕೊ, ನನ್ನ ಕೇಳೋದು ಬೇಡ. ಮಗು ಹುಷಾರಾಗಿದೆ ತಾನೆ? ಒಂದು ಫೋನ್ ಮಾಡು, ಇಲ್ಲಿ ನನಗೆ ಫಿಕರ್ ಆಗ್ತದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಎದುರು ಏನಾದರೂ ಹೇಳಬಹುದು. ಕೃಷ್ಣಾನಂದ ಗೋಡೆ ನೋಡುತ್ತ ನಿಂತ. ಇವತ್ತು ಇವರನ್ನು ಇಳಿಸಿದ ಕೂಡಲೇ ಫೋನ್ ಮಾಡಿ ಎಲ್ಲ ಹೇಳಿಬಿಡಬೇಕು, ಸಂಜೆ ಮಗಳಿಗೂ ಹೇಳಬೇಕು ಎಂದು ನಿರ್ಧಾರ ಮಾಡಿದ. ನಿರ್ಧಾರ ಮಾಡಿದ ಮೇಲೆ ಸ್ವಲ್ಪ ಹಗುರವೂ ಆಯಿತು. ಒಳ್ಳೆಯವನಾಗಲು ಸಂಜೆಯವರೆಗೆ ಪುರಸೊತ್ತು ಸಿಕ್ಕಿತ್ತಲ್ಲ.

ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ ತದಡಿ ಸೇರಿದಾಗ ಶುಕ್ರಣ್ಣನ ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ಜನ. ಕಾರು ಕಂಡದ್ದೇ ಶುಕ್ರಣ್ಣ ಎರಡೂ ಕೈ ಎತ್ತಿ ಓಡಿ ಬಂದ. ತಂಗಿಯನ್ನು ಮಾತನಾಡಿಸಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು, ಮನೆಯ ಕಡೆ ತಿರುಗಿ ಕೂಗಿದ.

"ಬಂತು ನೋಡಿ ಅಳಿಯಂದಿರ ಕಾರು. ಸರ್ವೀಸಿಗೆ ಕೊಟ್ಟಾರಂತೆ ಅಂದಿದ್ನಲ್ಲ, ಬಂತು."

"ಯಾರ ಅಳಿಯ? ಇದು ನಮ್ಮ ಕೃಷ್ಣಾನಂದಂದು" ಎಂದಳು ದೇವಿಯಕ್ಕ.

"ನಿಂಗೆಂತ ಗೊತ್ತುಂಟು? ಹೆಣ್ಣು ನೋಡೂಕೆ ಬಂದಾಗ ನೀ ಎಲ್ಲಿದ್ದೆ? ಹುಡುಗ ಇದ್ರಲ್ಲೇ ಬಂದಿದ್ದ. ಹಿಂದೆ ತೆಗೀವಾಗ ನಮ್ಮ ಗೇಟಿಗೆ ತಾಗ್ತು. ಇಲ್ಲಿ ಕಾಣು." ಶುಕ್ರಣ್ಣ ಹಿಂದಿನ ಬಂಪರಿನ ಬಳಿ ಬಗ್ಗಿದ. ಅಲ್ಲೊಂದು ಸಣ್ಣ ಗೀರು. ಗೀರಿನ ಒಳಗೆ ಹಸಿರು ಬಣ್ಣ. ಶುಕ್ರಣ್ಣನ ಗೇಟೂ ಅದೇ ಹಸಿರು.

ಎಲ್ಲರೂ ಗೇಟು ನೋಡಿದರು, ಗೀರು ನೋಡಿದರು, ಕೊನೆಗೆ ಕೃಷ್ಣಾನಂದನನ್ನು ನೋಡಿದರು. ಅವನಿಗೂ ತಲೆ ಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಮನೆಯೊಳಗಿಂದ ಹೊಸ ಶಲ್ಯ ಹೊದ್ದ ಮದುಮಗ ಬಂದ. ಕಾರನ್ನು ಕಂಡದ್ದೇ ಅವನ ಮುಖ ಬಿಸಿಲಿಗಿಟ್ಟ ಐಸಿನ ಹಾಗೆ ಇಳಿಯತೊಡಗಿತು.

"ಒಂದ್ನಿಮಿಷ" ಎಂದು ಅವನು ಕೃಷ್ಣಾನಂದನ ರಟ್ಟೆ ಹಿಡಿದು ತೆಂಗಿನ ಮರದ ಆಚೆ ಎಳೆದುಕೊಂಡು ಹೋದ.

"ಇಸ್ಮಾಯಿಲ್ ಸಾಹೇಬ್ರ ಕಾರಲ್ವಾ ಅಣ್ಣಾ?"

ಕೃಷ್ಣಾನಂದ ಹೌದೆಂದು ತಲೆಯಾಡಿಸಿದ.

"ನಾ ದೇವರಾಜ ಅಂತ. ಭಟ್ಕಳದಲ್ಲಿ ಮೊಬೈಲ್ ಅಂಗಡೀಲಿದ್ದೆ. ನಿಮಗಿಂತ ಮೊದ್ಲು ಇದ್ನ ಸ್ಟಾರ್ಟ್ ಮಾಡೂ ಕೆಲ್ಸ ನನ್ನದೇ. ಹೆಣ್ಣು ನೋಡೂಕೆ ಬರೂ ದಿನ ಬಸ್ಸು ತಪ್ಪೋಯ್ತು. ಬ್ಯಾಟರಿಗೂ ಒಳ್ಳೇದು ಅಂತ ಇದ್ರಲ್ಲೇ ಬಂದೆ. ಕಾರು ನಂದು ಅಂತ ನಾ ಹೇಳ್ಳೇ ಇಲ್ಲ ಅಣ್ಣಾ. ಅವ್ರು ಕೇಳಿದ್ರು. ನಾ ಬರೀ ನಕ್ಕೆ."

ಕೃಷ್ಣಾನಂದ ಆ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕನ್ನಡಿಯಲ್ಲಿ ತನ್ನನ್ನೇ ಕಂಡ ಹಾಗಾಯಿತು, ಅದರಲ್ಲಿ ತಾನು ಇಷ್ಟು ಕೆಟ್ಟದಾಗಿ ಎಂದೂ ಕಂಡಿರಲಿಲ್ಲ.

"ಈಗೆಂತ ಮಾಡೂದು?"

"ಇವತ್ತೊಂದಿನ ನೀವು ನನ್ನ ಡ್ರೈವರ್ ಆಗಿ. ಕಾಲಿಗೆ ಬೀಳ್ತೆ. ಮದುವೆ ಆದ್ಮೇಲೆ ನಾನೇ ಎಲ್ಲರ ಮುಂದೆ ಹೇಳ್ತೆ."

ಕಿಟಕಿಯ ಸರಳುಗಳ ಹಿಂದೆ ಅಲಂಕಾರ ಮಾಡಿಕೊಂಡ ರಂಜಿತಾ ನಿಂತಿದ್ದಳು. ಕಾರನ್ನಲ್ಲ, ದೇವರಾಜನನ್ನು ನೋಡುತ್ತಿದ್ದಳು, ಅದೂ ಯಾರಿಗೂ ಕಾಣಬಾರದೆಂದು. ಕಾರು ತನ್ನದು ಎಂದು ಕೃಷ್ಣಾನಂದ ಹೇಳಿದರೆ ಈ ಹುಡುಗ ಕಳ್ಳನಾಗುತ್ತಾನೆ. ಸಾಹೇಬರದು ಎಂದರೆ ಇಬ್ಬರೂ ಆಗುತ್ತಾರೆ. ಎರಡರಲ್ಲೂ ಚಪ್ಪರ ಬಿಚ್ಚಬೇಕಾದವನು ಶುಕ್ರಣ್ಣ.

ಕೃಷ್ಣಾನಂದ ಅಂಗಳಕ್ಕೆ ಬಂದು ತಲೆ ತಗ್ಗಿಸಿ ಹೇಳಿದ. "ಕಾರು ಅವರದ್ದೇ. ನಾ ಡ್ರೈವರು."

ದೇವಿಯಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಡ್ರೈವರಾ? ನಮ್ಮ ಅಳಿಯನ ಕಾರಲ್ಲಿ ನಮ್ಮನ್ನೇ ಕೂರಿಸ್ಕಂಡು, ಬಾಗ್ಲ ಮೆತ್ತಗೆ ಹಾಕಿ ಅಂತ ನಂಗೇ ಹೇಳ್ದೆ? ಮಳೆಗಾಲ ಮುಗ್ದಲ್ಲಿಂದ ಸರ್ವೀಸೇ ಮಾಡಿಸ್ತಿದ್ಯಾ ನೀನು?"

"ನಂಗೆ ಮೊದಲೇ ಗೊತ್ತಿತ್ತು" ಎಂದ ರಾಮಣ್ಣ. "ಓನರ್ ಆದವ ಗೇರು ಹಂಗೆ ಹಾಕೂದಿಲ್ಲ."

"ಹೋಗ್ಲಿ ಬಿಡಿ, ಬಡವ" ಎಂದಳು ಬಂಗಾರಜ್ಜಿ, ಎಲ್ಲಕ್ಕಿಂತ ಅದೇ ಚುಚ್ಚಿತು. ಶುಕ್ರಣ್ಣ ಒಳಗೆ ನೋಡಿ ಕೂಗಿದ. "ಡ್ರೈವರಿಗೆ ಆ ಬದಿಗೆ ಒಂದು ಬಾಳೆ ಹಾಕಿ."

ಅಂಗಳ ನಕ್ಕಿತು. ಕೃಷ್ಣಾನಂದ ಚಪ್ಪರದ ಕಂಬಕ್ಕೆ ಆತು ನಿಂತ. ಯಾವುದನ್ನು ಮುಚ್ಚಿಡಲು ಇಷ್ಟು ದೂರ ಓಡಿಸಿಕೊಂಡು ಬಂದನೋ ಅದನ್ನೇ ಹೇಳಿಯಾಗಿತ್ತು, ಅದೂ ಸುಳ್ಳಿನ ಲೆಕ್ಕದಲ್ಲಿ. ಚಂದನಾ ಬಂದು ಅವನ ಕಿರುಬೆರಳು ಹಿಡಿದಳು. ಅವನು ಅವಳ ಮುಖ ನೋಡಲಿಲ್ಲ.

ಒಳಗಿಂದ ಹರಿವಾಣ ಬಂತು. ತೆಂಗಿನಕಾಯಿ, ವೀಳ್ಯ, ಸೀರೆ. ಎರಡೂ ಕಡೆಯ ಹಿರಿಯರು ಎದುರುಬದುರು ಕೂತರು. ಭಟ್ಟರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಹೆಂಗಸರ ಬಳೆಯ ಸದ್ದೂ ನಿಂತಿತು. ಶುಕ್ರಣ್ಣ ಹರಿವಾಣವನ್ನು ಎತ್ತಿದ.

ಊಟ ಆಗುವತನಕ ಕಾಯಲು ಚಂದನಾಳಿಂದ ಆಗಲಿಲ್ಲ. ಅಪ್ಪನ ಅಂಗಿ ಜಗ್ಗಿ ಅವನನ್ನು ಬಗ್ಗಿಸಿ, ಕಿವಿಗೆ ಅಂಗೈ ಅಡ್ಡ ಹಿಡಿದು, ಬೆಳಿಗ್ಗೆಯಿಂದ ಇಟ್ಟುಕೊಂಡಿದ್ದನ್ನು ಪಿಸುಮಾತಿನಲ್ಲಿ ಕೇಳಿದಳು. ಮಕ್ಕಳ ಪಿಸುಮಾತು, ಆಚೆ ತುದಿಯಲ್ಲಿ ಒಲೆ ಊದುತ್ತಿದ್ದವನೂ ತಲೆಯೆತ್ತಿದ.

"ಅಪ್ಪಾ, ಇದು ಸಾಹೇಬ್ರ ಕಾರು ಅಂತ ಯಾರಾದ್ರೂ ಕೇಳಿದ್ರೆ ನಾ ಹೇಳೂದಾ, ಬೇಡ್ವಾ?"