ಏಕನಾಥನ ಒಂದು ನಿಮಿಷದ ಫೋಟೋ

ಇನ್ನು ಮುಂದೆ ಈ ವಂಶದ ಒಂದು ನರಪ್ರಾಣಿಯೂ ಸ್ಟುಡಿಯೋದ ಮೆಟ್ಟಿಲು ಹತ್ತಕೂಡದು ಎಂದು ಏಕನಾಥ ಘೋಷಿಸಿದಾಗ, ಅವನ ಹೆಂಡತಿ ಲಲಿತಾಬಾಯಿ ಒಂದೇ ಕೊಡ ನೀರಿನಲ್ಲಿ ಮೂರು ದಿನದ ಬಟ್ಟೆ ಒಗೆಯುವ ಪವಾಡದಲ್ಲಿ ತೊಡಗಿದ್ದಳು. ಮೇಜಿನ ಮೇಲೆ ಊಟದ ಡಬ್ಬಿಯಷ್ಟೇ ದೊಡ್ಡದಾದ ಬಿಳಿ ಫೋಟೋ ಪ್ರಿಂಟರ್ ಕೂತಿತ್ತು. ಕ್ಯಾಮೆರಾದ ಕಾರ್ಡು ತೆಗೆದು ಅದರ ಹೊಟ್ಟೆಗೆ ತುರುಕಿದರೆ ಒಂದೇ ನಿಮಿಷದಲ್ಲಿ ಬಣ್ಣದ ಫೋಟೋ ಹೊರಗೆ. ಕಂಪ್ಯೂಟರ್ ಬೇಡ, ಸ್ಟುಡಿಯೋದ ಮಕ್ಬೂಲ ಬೇಡ, ಅವನ "ನಾಳಿ ಬರ್ರಿ" ಬೇಡ. ಬೀದರದ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ಏಕನಾಥ ಅದನ್ನು ಹೈದರಾಬಾದಿನಿಂದ ತೊಡೆಯ ಮೇಲೆ ಕೂಡಿಸಿಕೊಂಡೇ ತಂದಿದ್ದ. ಮದುವೆಯಾದಾಗ ಹೆಂಡತಿಯನ್ನೂ ಅಷ್ಟು ಜೋಪಾನವಾಗಿ ಕರೆತಂದಿರಲಿಲ್ಲ.

"ಮಳಿ ಮಾರಿ ನೋಡಿ ಮೂರು ವರ್ಷ ಆತು. ನೀರಿನ ಟಾಕಿ ತರ್ರಿ ಅಂದ್ರ ಫೋಟೋದ ಡಬ್ಬಿ ತಂದೀರಿ" ಎಂದಳು ಲಲಿತಾಬಾಯಿ.

"ನಿನಗ ತಿಳಿಯಂಗಿಲ್ಲ. ನೀರು ಇವತ್ತು ಬರ್ತದ, ನಾಳಿ ಹೋಗ್ತದ. ಫೋಟೋ ಇರ್ತದ."

"ಹೌದ್ರಿ. ನೀರಡಿಸಿದಾಗ ಅದನ್ನೇ ನೋಡಕೋತ ಕೂಡೂಣು."

ಡಬ್ಬಿಯ ಜೊತೆ ಬಂದಿದ್ದು ಮೂವತ್ತಾರು ಹಾಳೆ. ಬೀದರದಲ್ಲಿ ಆ ಹಾಳೆ ಸಿಗುತ್ತಿರಲಿಲ್ಲ, ಮತ್ತೆ ಹೈದರಾಬಾದಿಗೇ ಹೋಗಬೇಕು. ಮೊದಲ ವಾರದಲ್ಲೇ ಏಕನಾಥ ಅವುಗಳಲ್ಲಿ ಮೂವತ್ತನಾಲ್ಕನ್ನು ಇತಿಹಾಸಕ್ಕೆ ಅರ್ಪಿಸಿದ. ಕೋಟೆಯ ಬಾಗಿಲಲ್ಲಿ ಏಕನಾಥ, ಅಷ್ಟೂರಿನ ಗುಮ್ಮಟದ ಮುಂದೆ ಕಪ್ಪು ಕನ್ನಡಕದ ಏಕನಾಥ, ಇನ್ನೊಬ್ಬರ ಮೋಟರ್ ಸೈಕಲ್ಲಿನ ಮೇಲೆ ಏಕನಾಥ. ಬಹಮನಿ ಸುಲ್ತಾನರೂ ಬೀದರದಲ್ಲಿ ಇಷ್ಟು ಗುರುತು ಬಿಟ್ಟು ಹೋಗಿರಲಿಕ್ಕಿಲ್ಲ.

ಹೀಗಿರುವಾಗ ಕಾಂತಾಬಾಯಿಯ ಫೋನು ಬಂತು. ಆಕೆ ಲಲಿತಾಬಾಯಿಯ ತಂಗಿ. ಭಾಲ್ಕಿ ತಾಲೂಕಿನ ಭಾತಂಬ್ರಾದ ಆಚೆಯ ಒಂದು ವಾಡಿಯಲ್ಲಿ ಕುರಿ ಸಾಕುವ ಮನೆಗೆ ಸೊಸೆಯಾಗಿ ಹೋದವಳು. ಮೇವಿಲ್ಲದೆ ಕುರಿಗಳನ್ನು ಒಂದೊಂದಾಗಿ ಮಾರಿ, ಈಗ ಹಟ್ಟಿಯಲ್ಲಿ ಬರೀ ಹಗ್ಗಗಳು ಉಳಿದಿದ್ದವು. ಕೂಲಿಯಾಳು ಕೂಡಿಸುವ ಔರಾದಿನ ಮುಕಾದಮನೊಬ್ಬ ಗಂಡಹೆಂಡತಿಯರನ್ನು ಜೋಡಿಜೋಡಿಯಾಗಿ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಒಯ್ಯುತ್ತಿದ್ದ. ಊರಲ್ಲೇ ಕೆರೆಯ ಹೂಳೆತ್ತುವ ಕೆಲಸವೂ ಶುರುವಾಗುವುದಿತ್ತು. ಆದರೆ ಅಲ್ಲಿಯೂ ಜೋಡಿಯೇ ಬೇಕು, ಒಬ್ಬರು ಅಗೆಯಬೇಕು, ಒಬ್ಬರು ಬುಟ್ಟಿ ಹೊರಬೇಕು. ಅದಕ್ಕೆ ಜಾಬ್ ಕಾರ್ಡು ಬೇಕು, ಕಾರ್ಡಿಗೆ ಮನೆಯವರೆಲ್ಲ ಇರುವ ಒಂದು ಫೋಟೋ ಬೇಕು. ಸೋಮವಾರ ಕಡೆಯ ದಿನ.

"ಕಾರ್ಡ್ ಆದ್ರ ನಾವು ಹೋಗೂದು ತಪ್ಪತದ ರಿ ಭಾವಾ" ಎಂದಳು ಕಾಂತಾಬಾಯಿ. "ಹುಡುಗಿ ಸಾಲ್ಯಾಗ ಎರಡನೇತ್ತೆ ಅದಾಳ. ಅಕಿನ್ನ ಬಿಟ್ಟು ಹ್ಯಾಂಗ ಹೋಗಲಿ? ಫೋಟೋ ಭಾಲ್ಕಿ ಸ್ಟುಡಿಯೋದಾಗ ತೆಗಸ್ತೇವ್ರಿ."

ಸ್ಟುಡಿಯೋ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಏಕನಾಥನ ಮೈಯಲ್ಲಿ ದೇವರು ಬಂತು.

"ನಾ ಇರೋತನಕ ಸ್ಟುಡಿಯೋದ ಹೆಸರು ತಗೀಬ್ಯಾಡ. ಎಲ್ಲಾರೂ ಬೀದರಕ್ಕ ಬರ್ರಿ. ಒಂದು ನಿಮಿಷದ ಕೆಲಸ."

ಆ ಒಂದು ನಿಮಿಷಕ್ಕಾಗಿ ಐದು ಮಂದಿ ಭಾನುವಾರ ನಸುಕಿನಲ್ಲೆದ್ದು, ಭಾಲ್ಕಿಯ ಸ್ಟುಡಿಯೋದ ಮುಂದಿನಿಂದಲೇ ಹಾದು, ಎರಡು ಬಸ್ಸು ಬದಲಿಸಿ ಬಂದರು. ಕಾಂತಾಬಾಯಿಯ ಮಾವ ಬಕ್ಕಪ್ಪ, ಅತ್ತೆ ಶೇವಂತಾಬಾಯಿ, ಗಂಡ ನರಸಿಂಗ, ಮಗಳು, ಮತ್ತು ಎಲ್ಲರ ಹಿಂದೆ ಕಾಂತಾಬಾಯಿ.

ಮನೆಯೊಳಗೆ ಬೆಳಕು ಸಾಲದೆಂದು ಏಕನಾಥ ಅವರನ್ನು ಬೀದಿಯಲ್ಲಿ ನಿಲ್ಲಿಸಿದ. ಅವತ್ತು ಟ್ಯಾಂಕರ್ ಬರುವ ದಿನ. ಮನೆಯ ಮುಂದೆ ಕೆಂಪು, ಹಸಿರು, ನೀಲಿ ಪ್ಲಾಸ್ಟಿಕ್ ಕೊಡಗಳ ಸಾಲು, ಕೊಡಕ್ಕೊಬ್ಬ ಹೆಂಗಸು. ಬಕ್ಕಪ್ಪ ರುಮಾಲು ಸರಿಮಾಡಿಕೊಂಡು ಮೊಮ್ಮಗಳ ಕೈಹಿಡಿದು ನಿಂತ. ಅವನ ಒಂದು ಮಗ್ಗುಲಿಗೆ ಹೆಂಡತಿ, ಮಗ. ಇನ್ನೊಂದು ಮಗ್ಗುಲಿಗೆ ಮೊಮ್ಮಗಳು. ಅವಳ ಆಚೆ ಕಾಂತಾಬಾಯಿ ನಿಲ್ಲಬೇಕು. ಆದರೆ ಸೊಸೆಯಾದವಳು ಮಾವನ ಸಾಲಿನಲ್ಲಿ ಸರಿಸಮ ನಿಲ್ಲುವುದುಂಟೇ? ಮೂಗಿನ ತನಕ ಸೆರಗು ಎಳೆದುಕೊಂಡು, ಎರಡು ಮಾರು ದೂರ ಸರಿದು, ಕೊಡಗಳ ಹತ್ತಿರ ನಿಂತಳು. ಮಕ್ಬೂಲನಾಗಿದ್ದರೆ "ಅಮ್ಮಾ, ಇತ್ತ ಬರ್ರಿ, ಸೆರಗು ಹಿಂದ ಸರಸ್ರಿ" ಎಂದು ನಾಲ್ಕು ಸಲ ಗದರುತ್ತಿದ್ದ. ಅದೇ ಅವನ ಕಸುಬು. ಏಕನಾಥನಿಗೆ ಗೊತ್ತಿದ್ದದ್ದು ಗುಂಡಿ ಒತ್ತುವುದು, ಒತ್ತಿದ.

ಒಳಗೆ ಬಂದು ಪ್ರಿಂಟರಿನ ಪುಟ್ಟ ಪರದೆಯಲ್ಲಿ ನೋಡಿದರೆ ಮುಖ್ಯಪಾತ್ರ ಕೊಡಗಳದ್ದೇ! ತನ್ನ ಮನೆಯ ಮುಂದಿನ ಈ ದಾರಿದ್ರ್ಯ ಸರ್ಕಾರಿ ಕಾಗದಕ್ಕೆ ಹತ್ತಬೇಕೇ ಎಂದು ಏಕನಾಥನಿಗೆ ಮರ್ಯಾದೆಯ ಪ್ರಶ್ನೆ ಎದ್ದಿತು. ಅಂಚು ಕತ್ತರಿಸುವ ಗುಂಡಿಯೊಂದಿತ್ತು. ಒಂದು ಸಲ ಒತ್ತಿದ, ಅರ್ಧ ಕೊಡಗಳು ಹೋದವು. ಇನ್ನೊಂದು ಸಲ ಒತ್ತಿದ, ಕೊಡಗಳೂ ಹೋದವು, ಕೊಡಗಳ ಜೊತೆಗಿದ್ದ ಸೆರಗಿನ ಹೆಂಗಸೂ ಹೋದಳು. ಬಕ್ಕಪ್ಪನ ರುಮಾಲು ದೊಡ್ಡದಾಗಿ ನಡುಮಧ್ಯಕ್ಕೆ ಬಂದು ಕೂತಿತು. ಏಕನಾಥನಿಗೆ ತನ್ನ ಜಾಣತನಕ್ಕೆ ತಾನೇ ಬೆನ್ನು ಚಪ್ಪರಿಸಿಕೊಳ್ಳುವಂತಾಯಿತು.

ಹಾಳೆ ಮೊದಲ ಸಲ ಹೊರಬಂದಾಗ ಎಲ್ಲರೂ ಹಳದಿಯಾಗಿದ್ದರು. "ಅಯ್ಯ, ಕಾಮಣಿ ಆಗ್ಯಾದಲ್ಲೋ" ಎಂದಳು ಶೇವಂತಾಬಾಯಿ. ಒಳಹೋಗಿ ಬಂದಾಗ ಕೆಂಪು ಕೂಡಿತು, ಮತ್ತೆ ಹೋಗಿ ಬಂದಾಗ ನೀಲಿ. ನಾಲ್ಕನೆಯ ಸಲ ಮೇಲೆ ಮಿರುಗು ಬಳಿದುಕೊಂಡು ಫೋಟೋ ಪೂರ್ತಿ ಈಚೆ ಬಿತ್ತು. ಬಕ್ಕಪ್ಪ ತನ್ನ ರುಮಾಲನ್ನೇ ಬಹಳ ಹೊತ್ತು ನೋಡಿ, "ಛಲೋ ಬಂದದ" ಎಂದು ಅಪ್ಪಣೆ ಕೊಟ್ಟು, ಬಸ್ಸಿನ ಹೊತ್ತಾಯಿತೆಂದು ಫೋಟೋವನ್ನು ಅಂಗಿಯೊಳಗೆ ಸೇರಿಸಿದ. ಕಾಂತಾಬಾಯಿ ಬಾಗಿಲ ಹಿಂದಿನಿಂದ ಇಣುಕಿ ನೋಡಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅವರು ಹೋದ ಮೇಲೆ ಏಕನಾಥ ಕಡೆಯ ಹಾಳೆಯಲ್ಲಿ ಪ್ರಿಂಟರಿನ ಪಕ್ಕ ನಿಂತ ತನ್ನದೇ ಫೋಟೋ ತೆಗೆದುಕೊಂಡ. ಕೆಲಸ ಮುಗಿಯಿತೆಂದು ಕ್ಯಾಮೆರಾದ ಕಾರ್ಡಿನಲ್ಲಿದ್ದುದನ್ನೆಲ್ಲ ಅಳಿಸಿ ಸ್ವಚ್ಛ ಮಾಡಿದ.

ಮಂಗಳವಾರ ನರಸಿಂಗನ ಫೋನು ಬಂತು. ಪಂಚಾಯಿತಿಯವರು ಫೋಟೋ ಅಂಟಿಸಿ, ಶಿಕ್ಕಾ ಹೊಡೆದು, ಹೆಸರುಗಳ ಯಾದಿ ತಾಲೂಕಿಗೆ ಕಳಿಸಿಬಿಟ್ಟಿದ್ದರು. ಫೋಟೋದಲ್ಲಿ ಮುಖ ಇಲ್ಲದವರ ಹೆಸರು ಜಾಬ್ ಕಾರ್ಡಿನಲ್ಲಿ ಇಲ್ಲ. ಜೋಡಿಯಿಲ್ಲದವನಿಗೆ ಕೆರೆಯ ಕೆಲಸವೂ ಇಲ್ಲ. ಇನ್ನೊಂದು ಯಾದಿ ಮೂರು ತಿಂಗಳ ಮೇಲೆ.

ಲಲಿತಾಬಾಯಿ ಗಂಡನ ಕಡೆ ತಿರುಗಿದಳು. "ನಮ್ಮ ಕಾಂತಾ ಎಲ್ಲಿ ಹೋದಳ್ರಿ?"

ಏಕನಾಥನಿಗೆ ಆಗ ಹೊಳೆಯಿತು. "ನಾ... ಟ್ಯಾಂಕರಿಗಿ ಬಂದ ಯಾರೋ ಹೆಣ್ಮಗಳು ಅಂದಕೊಂಡೆ."

ಅವಳು ಕೂಗಾಡಿದ್ದರೆ ಅವನು ಬದುಕುತ್ತಿದ್ದ. ಅವಳು ನಿಧಾನವಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾ ಯಾರಂತ ಗುರ್ತ ಹತ್ತತದೇನ್ರಿ?"

ಮರುದಿನವೇ ಏಕನಾಥ ರಜೆ ಹಾಕಿ ಆ ವಾಡಿಯ ಪಂಚಾಯಿತಿಗೆ ಓಡಿದ. ತಪ್ಪು ನನ್ನದು, ಆಕೆ ಅಲ್ಲಿಯೇ ನಿಂತಿದ್ದಳು ಎಂದು ಕೈಮುಗಿದ. ಅಲ್ಲಿಯ ಕಾರಕೂನ ಕೆಟ್ಟವನಲ್ಲ, ಕುರ್ಚಿ ಕೊಟ್ಟು ಚಹಾ ತರಿಸಿದ. "ಯಾದಿ ಹೋಗ್ಯಾದ ರಿ, ನನ್ನ ಕೈಯಾಗ ಏನೂ ಇಲ್ಲ" ಎಂದ. ಆಮೇಲೆ ಕಾರ್ಡಿನ ಫೋಟೋವನ್ನು ಬೆಳಕಿಗೆ ಹಿಡಿದು, "ಮಷಿನ್ ಭಾಳ ಛಲೋ ಅದ. ಎಲ್ಲಿ ತಂದ್ರಿ?" ಎಂದು ಕೇಳಿದ. ಹದಿನೈದು ದಿನದಿಂದ ಜಗತ್ತು ಈ ಪ್ರಶ್ನೆ ಕೇಳಲೆಂದು ಕಾಯುತ್ತಿದ್ದ ಏಕನಾಥ ಉತ್ತರ ಕೊಡದೆ ಎದ್ದು ಬಂದ.

ಶುಕ್ರವಾರ ಬೆಳಿಗ್ಗೆ ಮುಕಾದಮನ ಟೆಂಪೋ ಹೈದರಾಬಾದಿನ ಹಾದಿಯಲ್ಲಿ ಬೀದರಕ್ಕೆ ಬಂದು, ಓಣಿಯ ತುದಿಯಲ್ಲಿ ನಿಂತಿತು. ನರಸಿಂಗ ಗಂಟುಮೂಟೆಯ ಮೇಲೆ ಕೂತೇ ಇದ್ದ. ಕಾಂತಾಬಾಯಿ ಒಬ್ಬಳೇ ಇಳಿದು ಬಂದಳು. ಮಗಳನ್ನು ಅತ್ತೆಮಾವನ ಹತ್ತಿರ ಬಿಟ್ಟು ಬಂದಿದ್ದಳು.

"ಅವತ್ತೇ ಬಾಯಿ ಬಿಟ್ಟು ಹೇಳಬಾರದಾಗಿತ್ತೇನ" ಎಂದು ಲಲಿತಾಬಾಯಿ ತಂಗಿಯ ತೋಳು ಹಿಡಿದು ಅತ್ತಳು.

"ಮಾವನ ಮುಂದ ಹ್ಯಾಂಗ ಹೇಳಲಿ ಅಕ್ಕಾ? ಮತ್ತ ಆ ಕಾಗದ ಒಳಗ ಹೋಗಿ ಹೋಗಿ ಬರತಿತ್ತು. ಹ್ವಾದಾಗೊಮ್ಮೆ ಏನರ ಹೆಚ್ಚು ಬರತಿತ್ತು. ನಾ ಎಲ್ಲಾರ ಆದಮ್ಯಾಲ ಬರ್ತೇನಿ ಅಂದಕೊಂಡೆ."

ಏಕನಾಥ ಕ್ಯಾಮೆರಾ ತೆಗೆದುಕೊಂಡ. "ನಿಂದ್ರವ್ವಾ, ಹೊಸಾದು ತೆಗೀತೇನಿ. ಮಕ್ಬೂಲನ ಕಡೆ ಪ್ರಿಂಟ್ ಹಾಕ್ಸಿ ಊರಿಗಿ ಮುಟ್ಟಸ್ತೇನಿ."

"ಹೊಸಾದು ಬ್ಯಾಡ್ರಿ ಭಾವಾ. ಮಗಳ ಬಾಜೂ ನಿಂತಿದ್ನಲ್ರಿ, ಆ ಕತ್ತರಿಸಿದ ತುಂಡು ಮಷಿನಿನಾಗ ಇರಬೇಕು, ಅದನ್ನೇ ಕೊಡ್ರಿ. ಅಂಟಿಸಿ ಇಟ್ರ ಹುಡುಗಿ ನೋಡಕೋತ ಇರ್ತಾಳ."

ಗುಂಡಿ ಕತ್ತರಿಸಿದ್ದು ಪರದೆಯ ಮೇಲಷ್ಟೇ, ಅಂಥ ತುಂಡು ಹುಟ್ಟಿಯೇ ಇಲ್ಲ, ಮೂಲದ ಫೋಟೋವನ್ನೂ ತಾನೇ ಅಳಿಸಿದ್ದೇನೆ ಎಂದು ಆ ಮನೆಯಲ್ಲಿ ಏಕನಾಥನೊಬ್ಬನಿಗೆ ಗೊತ್ತಿತ್ತು. ಆದರೂ ಪ್ರಿಂಟರಿನ ಮುಚ್ಚಳ ತೆರೆದ, ಹಾಳೆಯ ತಟ್ಟೆ ಎಳೆದು ತೆಗೆದ, ಬೋರಲು ಹಾಕಿ ಕೊಡವಿದ, ಬೆರಳು ತೂರಿಸಿ ಮೂಲೆಮೂಲೆ ತಡಕಿದ. ಹೊರಗೆ ಟೆಂಪೋದವನು ಹಾರ್ನು ಹೊಡೆಯುತ್ತಿದ್ದ.

ಕಾಂತಾಬಾಯಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು.

"ಬಿಡ್ರಿ ಭಾವಾ. ಕೊಡಗೋಳ ಸಂಗಡ ಹೋಗಿರಬೇಕು."