ಪಾನಿಪೂರಿ ಹಿಡಿಸುವ ಬಾಯಿ

ಮನುಷ್ಯನ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ತಟ್ಟನೆ ಉತ್ತರ ಕೊಡಬಲ್ಲಿರಿ? ಕೊಡಲಾರಿರಿ, ಅದೇ ನಿಮ್ಮ ಪುಣ್ಯ. ದಿನಕ್ಕೆ ನೂರು ಸಲ ಬಾಯಿ ತೆರೆಯುತ್ತೀರಿ, ಆಕಳಿಸುತ್ತೀರಿ, ಪಕ್ಕದ ಮನೆಯವರ ವಿಷಯ ಮಾತಾಡುತ್ತೀರಿ, ಮೀಟಿಂಗಿನಲ್ಲಿ ಕೂತು ಬಾಯಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ಆಕಳಿಸುತ್ತೀರಿ. ಒಂದು ದಿನವಾದರೂ ಅಳೆದು ನೋಡಿದವರಲ್ಲ. ನಾನು ಮಾತ್ರ ನನ್ನ ಬಾಯಿಯ ಅಳತೆಯನ್ನು ಅರ್ಧ ಮಿಲಿಮೀಟರಿನವರೆಗೆ ಹೇಳಬಲ್ಲೆ. ಇವತ್ತು ಬೆಳಿಗ್ಗೆ ಎದ್ದಾಗ ಮೂವತ್ತೆರಡು, ಕೆನ್ನೆಗೆ ಬಿಸಿನೀರಿನ ಬಟ್ಟೆ ಒತ್ತಿಕೊಂಡ ಮೇಲೆ ಮೂವತ್ತಮೂರೂವರೆ. ಇದನ್ನು ಬರೆಯುವಾಗ ನನಗೆ ಎದ್ದು ನಿಂತು ಕುಣಿಯಬೇಕು ಅನ್ನಿಸುತ್ತಿದೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇಪ್ಪತ್ತೇಳು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರು. ಲೇತಿನಿಂದ ಇಳಿದು ಬಂದ ಬುಷ್ಷು ಶಾಫ್ಟುಗಳನ್ನು ವರ್ನಿಯರ್ ಹಿಡಿದು ಅಳೆಯುವುದು, ಸರಿ ಇದ್ದರೆ ಹಸಿರು ಬಣ್ಣ, ತಪ್ಪಿದ್ದರೆ ಕೆಂಪು ಬಣ್ಣ ಹಚ್ಚುವುದು, ಇಷ್ಟೇ ನನ್ನ ಕೆಲಸ. ನಮ್ಮಲ್ಲಿ ಡೀವಿಯೇಷನ್ ಎಂಬ ಒಂದು ಕಾಗದ ಉಂಟು. ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ಕೆಲಸಕ್ಕೆ ತೊಂದರೆಯಿಲ್ಲ ಎನ್ನುವಂಥ ಮಾಲನ್ನು ಆ ಕಾಗದಕ್ಕೆ ಸಹಿ ಹಾಕಿ ಒಪ್ಪಿಕೊಳ್ಳಬಹುದು. ಇಪ್ಪತ್ತೇಳು ವರ್ಷದಲ್ಲಿ ನಾನು ಅಂಥ ಒಂದು ಸಹಿಯನ್ನೂ ಹಾಕಿಲ್ಲ. ಹಿಂದಿನಿಂದ ಹುಡುಗರು ನನ್ನನ್ನು ಕೆಂಪು ಡಬ್ಬ ಎಂದು ಕರೆಯುತ್ತಾರೆಂಬುದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದವನು ನಾನು. ಇಂಥ ಕಟ್ಟುನಿಟ್ಟಿನ ಮನುಷ್ಯ ದಿನಕ್ಕೆ ಎಂಟು ಪೊಟ್ಟಣ ಹೊಗೆಸೊಪ್ಪಿನ ಪುಡಿಯನ್ನು ಎಡಗೆನ್ನೆಯ ಒಳಗೆ ತುಂಬಿಕೊಳ್ಳುತ್ತಿದ್ದ ಎಂಬುದನ್ನೂ ಹೇಳಿಬಿಡಬೇಕು. ಕಾರ್ಖಾನೆಯ ಗೇಟಿನೊಳಗೆ ಬರುವ ಪ್ರತಿ ಕಬ್ಬಿಣದ ತುಂಡನ್ನೂ ಪರೀಕ್ಷೆ ಮಾಡಿ ಒಳಗೆ ಬಿಟ್ಟವನು ಬಾಯಿಯ ಗೇಟಿನಲ್ಲಿ ಮಾತ್ರ ಯಾರನ್ನೂ ತಡೆಯಲಿಲ್ಲ.

ಕೆನ್ನೆಯೊಳಗಿನ ಹುಣ್ಣು ಮೂರು ತಿಂಗಳಾದರೂ ವಾಸಿಯಾಗದೆ ಹೋದಾಗ ಡಾಕ್ಟರರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂತು, ಕ್ಯಾನ್ಸರ್. ನನಗೆ ಮೊದಲ ಸಲ ಯಾರೋ ಕೆಂಪು ಬಣ್ಣ ಹಚ್ಚಿದ್ದರು. ಆಪರೇಷನ್ ಆಯಿತು, ಆರು ವಾರ ರೇಡಿಯೇಷನ್ ಆಯಿತು. ಕಾಯಿಲೆಯೇನೋ ಹೋಯಿತು, ಹೋಗುವಾಗ ಬಾಯಲ್ಲಿದ್ದ ಎಂಜಲನ್ನೂ ದವಡೆಯಲ್ಲಿದ್ದ ಸಡಿಲವನ್ನೂ ತೆಗೆದುಕೊಂಡು ಹೋಯಿತು. ದವಡೆ ತುಕ್ಕು ಹಿಡಿದ ಬಾಗಿಲಿನಂತಾಗಿ ಬಾಯಿ ಬರೀ ಹದಿಮೂರು ಮಿಲಿಮೀಟರ್ ತೆರೆಯುತ್ತಿತ್ತು. ಹದಿಮೂರರಲ್ಲಿ ಏನೇನು ಹಿಡಿಸುತ್ತದೆ ಎಂಬುದರ ಮೇಲೆ ನಾನೊಂದು ಪುಸ್ತಕವನ್ನೇ ಬರೆಯಬಲ್ಲೆ. ಚಮಚ ಹಿಡಿಸುತ್ತದೆ, ಅಡ್ಡ ತಿರುಗಿಸಬಾರದು. ಇಡ್ಲಿ ಹಿಡಿಸುತ್ತದೆ, ಎಂಟು ತುಂಡು ಮಾಡಿದರೆ. ನೋಡಲು ಬಂದ ನೆಂಟರು ಮಾತ್ರ ತಪ್ಪದೆ ಬೂಂದಿ ಉಂಡೆಯನ್ನೇ ತರುತ್ತಿದ್ದರು. ಕೆಲಸಕ್ಕೆ ಮರಳಿದ ಮೇಲೆ ಇನ್ನೊಂದು ಕಷ್ಟ ಗೊತ್ತಾಯಿತು. ಬೈಗುಳಕ್ಕೆ ಕನಿಷ್ಠ ಇಪ್ಪತ್ತು ಮಿಲಿಮೀಟರಾದರೂ ಬೇಕು. ನಾನು ಹಲ್ಲಿನ ಸಂದಿಯಲ್ಲಿ ರೇಗಿದರೆ ಎದುರಿಗಿದ್ದವರು ಗುಟ್ಟು ಹೇಳುತ್ತಿದ್ದಾನೆಂದು ತಿಳಿದು ಕಿವಿ ಹತ್ತಿರ ತರುತ್ತಿದ್ದರು.

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಇದಕ್ಕೆ ಕೊಟ್ಟ ಮದ್ದು ಐಸ್‌ಕ್ರೀಮ್ ಕಡ್ಡಿ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ಅಭ್ಯಾಸವಾದಂತೆ ಒಂದೊಂದೇ ಕಡ್ಡಿ ಹೆಚ್ಚಿಸಬೇಕು. ದಿನಕ್ಕೆ ಐದು ಸಲ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಬೇರೆ ಮಾತು. ನನಗೆ ನಿದ್ದೆ ಕೆಡಿಸಿದ್ದು ಕಡ್ಡಿಯ ದಪ್ಪ. ಇಪ್ಪತ್ತೈದು ಕಡ್ಡಿಗಳನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಒಂದೂ ಇನ್ನೊಂದರಂತೆ ಇರಲಿಲ್ಲ. ಮುಂದಿನ ಸಲ ಹೋದಾಗ ಆ ಪಟ್ಟಿಯನ್ನು ಮೇಡಂ ಮುಂದಿಟ್ಟು, ನಿಮ್ಮ ಸಾಧನ ನಂಬುವಂತಿಲ್ಲ ಎಂದೆ. ಅವರು ಪಟ್ಟಿಯನ್ನೂ ನನ್ನನ್ನೂ ನೋಡಿ, ಹೊರಗೆ ಕೂತಿದ್ದ ನನ್ನ ಹೆಂಡತಿ ಗಿರಿಜಾಳನ್ನು ಒಳಕ್ಕೆ ಕರೆದು, ಮನೆಯಲ್ಲೂ ಇವರು ಹೀಗೇನಾ ಎಂದು ವಿಚಾರಿಸಿದರು. ಹೀಗೇ ಎಂದು ಅವಳು ಸಾಕ್ಷಿ ಹೇಳಿದಳು.

ಈ ಸಂಗತಿ ನಮ್ಮ ಟರ್ನರ್ ಬಸವರಾಜನ ಕಿವಿಗೆ ಬಿತ್ತು. ಬಾಗಲಕೋಟೆ ಕಡೆಯವನು, ಮಾಕಳಿಯಲ್ಲಿ ಬಾಡಿಗೆ ರೂಮು, ನನ್ನಿಂದ ಅತಿ ಹೆಚ್ಚು ಕೆಂಪು ಬಣ್ಣ ಹಚ್ಚಿಸಿಕೊಂಡ ಮನುಷ್ಯ. ಊಟದ ವೇಳೆಯಲ್ಲಿ ಕೂತು ಬಿಳಿ ನೈಲಾನ್ ತುಂಡೊಂದನ್ನು ಲೇತಿಗೆ ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಕಡೆದು ತಂದ. ತುದಿ ಹತ್ತು ಮಿಲಿಮೀಟರ್, ಆಮೇಲೆ ಮೆಟ್ಟಿಲಿಗೆ ಒಂದೊಂದು ಜಾಸ್ತಿ, ಬುಡದಲ್ಲಿ ನಲವತ್ತು. ಎರಡೂ ಕೈ ಚಾಚಿ ತೆಗೆದುಕೊಂಡೆ. ಆದರೆ ಕೈ ಸುಮ್ಮನಿರಬೇಕಲ್ಲ, ವರ್ನಿಯರ್ ತೆಗೆಯಿತು. ಏಳನೇ ಮೆಟ್ಟಿಲು ಕಾಲು ಮಿಲಿಮೀಟರ್ ಕಡಿಮೆ ಇತ್ತು. ರಿಜೆಕ್ಟ್ ಎಂದೆ.

"ಸರ್, ಇದು ನಿಮ್ಮ ಬಾಯಿಗ್ರೀ, ವಿಮಾನಕ್ಕಲ್ರೀ" ಎಂದ ಬಸವರಾಜ.

ಎಂದರೂ ಮರುದಿನ ಹೊಸದನ್ನು ಕಡೆದು ತಂದ. ಅದಕ್ಕೆ ಹಸಿರು ಬಣ್ಣ ಹಚ್ಚಲು ಹೋದವನು, ಬಾಯಿಗೆ ಹೋಗುವ ವಸ್ತು ಎಂದು ನೆನಪಾಗಿ ಬಿಟ್ಟೆ. ನನ್ನ ಮೇಜಿನ ಪಕ್ಕದ ಗೋಡೆಗೆ ಒಂದು ಚಾರ್ಟು ಅಂಟಿಸಿ ವಾರವಾರದ ಅಳತೆ ಗುರುತು ಮಾಡತೊಡಗಿದೆ. ಹದಿಮೂರು, ಹದಿನಾಲ್ಕು, ಚಳಿಗೆ ಮತ್ತೆ ಹದಿಮೂರು, ಹದಿನಾರು. ಗೆರೆ ಏರಿದ ದಿನ ಇಡೀ ಮಷಿನ್ ಶಾಪಿನವರು ಬಂದು ನೋಡಿ ಬೆನ್ನು ತಟ್ಟುತ್ತಿದ್ದರು, ಇಳಿದ ದಿನ ನನ್ನನ್ನು ಬಿಟ್ಟು ಚಾರ್ಟಿಗೆ ಬೈಯುತ್ತಿದ್ದರು.

ಚಾರ್ಟಿನ ಮೇಲ್ಗಡೆ ಮೂವತ್ತೈದರ ಹತ್ತಿರ ಒಂದು ಕೆಂಪು ಗೆರೆ ಎಳೆದಿದ್ದೆ. ಅದು ಪಾನಿಪೂರಿಯ ಗೆರೆ. ಮದುವೆಯಾದಾಗಿನಿಂದ ಪ್ರತಿ ಶನಿವಾರ ಸಂಜೆ ನಾನೂ ಗಿರಿಜೆಯೂ ಜಾಲಹಳ್ಳಿ ಕ್ರಾಸಿನ ಗಾಡಿಯ ಮುಂದೆ ನಿಂತು ಪಾನಿಪೂರಿ ತಿನ್ನುವುದು ನಮ್ಮ ಪದ್ಧತಿ. ಇಷ್ಟು ವರ್ಷಗಳಲ್ಲಿ ಜಗಳ ಬಿದ್ದು ಮಾತು ಬಿಟ್ಟ ಶನಿವಾರಗಳೂ ಇದ್ದವು, ಆಗಲೂ ಮಾತಾಡದೆ ತಿಂದು ಬರುತ್ತಿದ್ದೆವು. ನನಗೆ ಕಾಯಿಲೆ ಬಂದಾಗಿನಿಂದ ಅವಳೂ ಬಿಟ್ಟಳು. ಕೇಳಿದರೆ ಎದೆ ಉರಿ, ನನಗೆ ಈಗ ಅದು ಸೇರಲ್ಲ ಅನ್ನುತ್ತಿದ್ದಳು. ಆದರೆ ಮೆಣಸಿನಕಾಯಿ ಬಜ್ಜಿ ತಿಂದೇ ಬೆಳೆದ ದಾವಣಗೆರೆಯವಳಿಗೆ ಎದೆ ಉರಿ ಎಂದರೆ ಯಾರು ನಂಬಬೇಕು? ಗಾಡಿ ಕಣ್ಣಿಗೆ ಬೀಳಬಾರದೆಂದು ಅವಳು ರಸ್ತೆಯ ಆಚೆ ಬದಿಯಲ್ಲಿ ನಡೆಯುವುದನ್ನು ನಾನು ಕಂಡಿದ್ದೆ. ಕ್ಯಾನ್ಸರ್ ಬಂದದ್ದು ನನಗೆ, ಬಾಯಿ ಕಟ್ಟಿದ್ದು ಇಬ್ಬರಿಗೂ. ನನ್ನ ಹೊಟ್ಟೆ ಉರಿದದ್ದು ಇದಕ್ಕೇ. ಮುರಿದು ಚೂರು ಮಾಡಿ ತಿನ್ನಬಹುದಲ್ಲ ಎಂದು ನೀವು ಕೇಳಬಹುದು. ಮುರಿದ ಪೂರಿಯಲ್ಲಿ ಪಾನಿ ಎಲ್ಲಿ ನಿಲ್ಲುತ್ತದೆ? ಇಡಿಯಾಗಿ ಒಂದೇ ತುತ್ತಿಗೆ ಹೋಗಬೇಕು, ಅವಳ ಎದುರಿಗೇ ಹೋಗಬೇಕು ಎಂದು ಹಟ ಹಿಡಿದೆ. ಒಂದು ದಿನ ಗಾಡಿಯವನ ಹತ್ತಿರ ಹೋಗಿ ಹತ್ತು ಪೂರಿಗಳ ಎತ್ತರವನ್ನು ವರ್ನಿಯರಿನಲ್ಲಿ ಅಳೆದು ಬಂದಿದ್ದೆ. ಸರಾಸರಿ ಮೂವತ್ತೈದು.

ಒಂದೂವರೆ ವರ್ಷದ ಮೇಲೆ ಒಂದು ಶನಿವಾರ ಬೆಳಿಗ್ಗೆ ನೈಲಾನ್ ಮೆಟ್ಟಿಲು ಮೂವತ್ತಮೂರು ತೋರಿಸಿತು. ನನಗೆ ತಡೆಯಲಾಗಲಿಲ್ಲ. ಎರಡು ಮಿಲಿಮೀಟರ್ ತಾನೆ, ತುಟಿ ಕೆನ್ನೆ ಸ್ವಲ್ಪ ಹಿಗ್ಗುತ್ತವೆ, ಇವತ್ತೇ ಹೋಗೋಣ ಎಂದು ಗಿರಿಜೆಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಸಂಜೆ, ಹೂ ತಗೊಂಡು ಹೋಗಿರುತ್ತೇನೆ, ನೀವು ನಿಧಾನವಾಗಿ ಬನ್ನಿ ಎಂದು ಹತ್ತು ನಿಮಿಷ ಮೊದಲೇ ಹೊರಟಳು. ನಾನು ಹೋಗುವಷ್ಟರಲ್ಲಿ ಗಾಡಿಯ ಪಕ್ಕ ನಿಂತಿದ್ದಳು. ಖಾರ ಬೇಡ, ಬರೀ ಸಿಹಿ ನೀರು ಎಂದೆ. ರೇಡಿಯೇಷನ್ ಕಂಡ ಬಾಯಿಗೆ ಖಾರ ಎಂದರೆ ಕೆಂಡ. ಗಾಡಿಯವನು ಪೂರಿಯ ರಾಶಿಯಲ್ಲಿ ಕೈಯಾಡಿಸಿ ಒಂದನ್ನು ತೆಗೆದ, ತುಂಬಿದ, ಮುಳುಗಿಸಿ ಕೊಟ್ಟ. ಕಣ್ಣು ಮುಚ್ಚಿ ಬಾಯಿ ತೆರೆದೆ. ಹೋಯಿತು. ಇಡಿಯಾಗಿ ಹೋಯಿತು ಸ್ವಾಮಿ. ಒಳಗೆ ಪಟ್ಟೆಂದು ಒಡೆದು ಬಾಯಿ ತುಂಬ ನೀರಾಯಿತು. ಎಂಜಲಿಲ್ಲದ ನನ್ನ ಬಾಯಿಗೆ ತನ್ನ ನೀರನ್ನು ತಾನೇ ಹೊತ್ತು ತರುವ ಇಂಥ ತಿಂಡಿ ಇನ್ನೊಂದಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಗಿರಿಜೆಯೂ ಅತ್ತಳು, ಅಳುತ್ತಲೇ ಎರಡು ಪ್ಲೇಟು ತಿಂದಳು, ಎರಡನೆಯದಕ್ಕೆ ಖಾರ ಜಾಸ್ತಿ ಹಾಕಿಸಿಕೊಂಡಳು. ಸೋಮವಾರ ಶಾಪಿನವರಿಗೆಲ್ಲ ಮೈಸೂರುಪಾಕು ಹಂಚಿ, ಚಾರ್ಟಿನ ಮೇಲೆ ದಪ್ಪ ಹಸಿರು ಅಕ್ಷರದಲ್ಲಿ ಪಾಸ್ ಎಂದು ಬರೆದೆ.

ಮುಂದಿನ ಶನಿವಾರ ರಾಜನ ಗತ್ತಿನಲ್ಲಿ ಗಾಡಿಯ ಮುಂದೆ ನಿಂತೆ. ಗಾಡಿಯವನು ರಾಶಿಯಲ್ಲಿ ಕೈಯಿಟ್ಟು ಕೇಳಿದ: "ಸಾರ್, ಇವತ್ತೂ ಚಿಕ್ಕದೇ ಹುಡುಕಿ ಕೊಡ್ಲಾ? ಹೋದ ವಾರ ಮೇಡಂ ಮೊದ್ಲೇ ಬಂದು ಹೇಳಿದ್ರಲ್ಲ."

ನಾನು ಗಿರಿಜೆಯ ಕಡೆ ತಿರುಗಿದೆ. ಅವಳು ಬಸ್ ನಿಲ್ದಾಣವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹೋದ ವಾರ ಅವಳ ಕೈಯಲ್ಲಾಗಲಿ ಮುಡಿಯಲ್ಲಾಗಲಿ ಹೂವೇ ಇರಲಿಲ್ಲ ಎಂಬುದು ಆಗ ನೆನಪಾಯಿತು. ಆರಿಸಿದ ಸ್ಯಾಂಪಲ್ ತೋರಿಸಿ ಪಾಸ್ ಮಾಡಿಸಿಕೊಳ್ಳುವ ಎಷ್ಟು ಜನ ಸಪ್ಲೈಯರುಗಳನ್ನು ನಾನು ಹಿಡಿದಿಲ್ಲ! ವರ್ನಿಯರ್ ಅವತ್ತೂ ಜೇಬಿನಲ್ಲೇ ಇತ್ತು, ಆದರೆ ಸಂಭ್ರಮದಲ್ಲಿ ಅದನ್ನು ಹೊರಗೆ ತೆಗೆಯುವುದೇ ಮರೆತಿತ್ತು. ಈಗ ತೆಗೆದು, ಗಾಡಿಯವನು ಆರಿಸಿ ಹಿಡಿದಿದ್ದ ಚಿಕ್ಕ ಪೂರಿಯನ್ನು ಅಳೆದೆ. ಇಪ್ಪತ್ತೊಂಬತ್ತು.

"ಇನ್ನೇನು ಮಾಡ್ಲಿ ರೀ? ನಿಮ್ಮ ಎರಡು ಮಿಲಿಮೀಟರಿಗೆ ನಾನು ಇನ್ನೆಷ್ಟು ಶನಿವಾರ ಕಾಯ್ಬೇಕಿತ್ತು? ನನಗೂ ತಿನ್ಬೇಕು ಅನ್ಸಲ್ವಾ?" ಎಂದಳು ಗಿರಿಜಾ.

ನನಗೆ ಕೋಪ ಬರಲಿಲ್ಲ, ನಿಜ ಹೇಳಬೇಕೆಂದರೆ ಈ ಹೆಂಗಸಿನ ಮೇಲೆ ಇಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ರೇಡಿಯೇಷನ್ನಿಗೂ ಹೋಗಲಿಲ್ಲ. ದೊಡ್ಡದನ್ನೇ ಕೊಡಪ್ಪ ಎಂದೆ. ಅದು ಹಲ್ಲಿಗೆ ಸಿಕ್ಕಿ ಒಡೆದು ಸಿಹಿ ನೀರೆಲ್ಲ ಅಂಗಿಯ ಮೇಲೆ ಇಳಿಯಿತು. ಗಿರಿಜಾ ಗಾಡಿಯ ಕಂಬ ಹಿಡಿದುಕೊಂಡು ನಕ್ಕಳು.

ಸೋಮವಾರ ಯಾರೂ ಬರುವ ಮುಂಚೆ ಕಾರ್ಖಾನೆಗೆ ಹೋಗಿ ಚಾರ್ಟಿನ ಮುಂದೆ ನಿಂತೆ. ಸುಳ್ಳು ಪಾಸನ್ನು ಹಾಗೇ ಬಿಡುವಂತಿಲ್ಲ. ಹೊಡೆದುಹಾಕಲು ಮನಸ್ಸು ಬಾರದು. ಕೊನೆಗೆ ಡ್ರಾಯರಿನ ತಳದಿಂದ ಡೀವಿಯೇಷನ್ ಕಾಗದದ ಹಳೆಯ ಪುಸ್ತಕ ತೆಗೆದು ಧೂಳು ಕೊಡವಿದೆ. ಮೊದಲನೇ ಹಾಳೆಯೇ ಖಾಲಿ ಇತ್ತು. ವಸ್ತು: ಬಾಯಿ. ಇರಬೇಕಾದ್ದು ಮೂವತ್ತೈದು, ಇರುವುದು ಮೂವತ್ತಮೂರು. ಷರಾ: ಕೆಲಸಕ್ಕೇನೂ ತೊಂದರೆಯಿಲ್ಲ, ಒಪ್ಪಿಕೊಂಡಿದೆ. ಸಹಿ ಹಾಕಿ, ಚಾರ್ಟಿನ ಕೆಳಗೆ ಅಂಟಿಸಿ, ಹಗುರಾಗಿ ಉಸಿರುಬಿಟ್ಟು ತಿರುಗಿದೆ. ಹಿಂದೆ ಬಸವರಾಜ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಇಡೀ ಹಾಳೆಯನ್ನು ಓದಿ ಮುಗಿಸಿದವನ ಮುಖ ಅವನದು. ಕೈಯಲ್ಲಿ ಕೆಂಪು ಬಣ್ಣ ಹಚ್ಚಿದ ಒಂದು ಬುಷ್ಷು.

"ಸರ್, ಶುಕ್ರವಾರ ರಿಜೆಕ್ಟ್ ಮಾಡಿದ್ರಲ್ರೀ, ಅದ ಇದು" ಎಂದ, ಬಹಳ ವಿನಯದಿಂದ. "ಕೂದಲೆಳಿಯಷ್ಟ ಹೆಚ್ಚಿಗಿ ಐತ್ರಿ. ಕೆಲಸಕ್ಕೇನೂ ತೊಂದರಿ ಇಲ್ರೀ."

ಉತ್ತರ ಕೊಡಲೆಂದು ಬಾಯಿ ತೆರೆದೆ. ಮೂವತ್ತಮೂರು ಮಿಲಿಮೀಟರಂತೂ ಖಂಡಿತ ತೆರೆಯಿತು, ಹೆಚ್ಚೇ ಇದ್ದೀತು. ಅಷ್ಟು ಜಾಗವಿದ್ದರೂ ಒಂದು ಮಾತು ಹೊರಗೆ ಬರಲಿಲ್ಲ.