ಮಾವನ ಪಿಕಪ್ಪು, ಅತ್ತೆಯ ಭಂಡಾರ

ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ನಾನು ಅಂಗಳದಲ್ಲಿ ಮಂಡಿಯೂರಿ, ಪಿಕಪ್ ಗಾಡಿಯ ಬಾಗಿಲಿನ ಅಡಿಯಂಚಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಿದ್ದೆ. ಗುರುತು ಮೂಡಿತು. ಅಂದರೆ ಬಣ್ಣ ಇನ್ನೂ ಒಣಗಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವವನು ಊಹೆಯ ಮೇಲೆ ಮಾತಾಡುವುದಿಲ್ಲ. ಉಗುರಿನ ಮೇಲೆ ಮಾತಾಡುತ್ತಾನೆ.

ಗಾಡಿ ನನ್ನ ಮಾವನವರದು. ಔರಾದ ಶಹಾಜನಿಯಿಂದ ಉದಗೀರಕ್ಕೆ ಕುರಿ ಸಾಗಿಸಿ ಸಾಗಿಸಿ ಕೊನೆಗೆ ಅದಕ್ಕೂ ಮಾವನವರಿಗೂ ಒಂದೇ ವಾಸನೆ ಬಂದಿತ್ತು. ಅವರು ಹೋದ ಮೇಲೆ ಅದು ಕುರಿಹಟ್ಟಿಯ ಪಕ್ಕದಲ್ಲಿ ನಿಂತು ತುಕ್ಕು ಹಿಡಿಯಿತು. ಭಾವಮೈದುನ ಉಮಾಕಾಂತ ಅದನ್ನು ಭಂಗಾರಕ್ಕೆ ಹಾಕುವುದೆಂದು ತೀರ್ಮಾನಿಸಿದ. (ನಮ್ಮ ಕಡೆ ಭಂಗಾರವೆಂದರೆ ಗುಜರಿ. ಹೆಂಗಸರು ಕೊರಳಿಗೆ ಹಾಕಿಕೊಳ್ಳುವುದು ಬೇರೆ.) ಅತ್ತೆ ಅಂಜನಾಬಾಯಿ ಆ ದಿನ ಊಟ ಮುಟ್ಟಲಿಲ್ಲ. ಅವರ ಮುಖ ನೋಡಲಾಗದೆ ನಾನು, ಯಾರೂ ಕೇಳದಿದ್ದರೂ, "ನಾ ಮಾಡಿಕೊಡ್ತೀನಿ. ಹೊಸಾ ಗಾಡಿ ಹಾಂಗ" ಎಂದುಬಿಟ್ಟೆ.

"ಆಯ್ತು ದಾಜಿ," ಎಂದ ಉಮಾಕಾಂತ; ಅಕ್ಕನ ಗಂಡನನ್ನು ಅವನು ಕರೆಯುವುದು ಹಾಗೆ. "ಚಲೋ ಆದ್ರ ಇರ್ಲಿ. ಇಲ್ಲಂದ್ರ ನಿಮ್ಮ ಅಂಗಳದಿಂದೇ ಸೀದಾ ಭಂಗಾರಕ್ಕ."

ಹೀಗೆ ಗಾಡಿ ಉಮರ್ಗಾದ ನಮ್ಮ ಅಂಗಳಕ್ಕೆ ಬಂದು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಲ್ಲೇ ಸಂಸಾರ ಹೂಡಿತು. ನಾನು ತುಕ್ಕು ಉಜ್ಜಿದೆ, ತೂತಿಗೆ ತಗಡು ಬೆಸೆದೆ, ತಗ್ಗಿಗೆ ಪುಟ್ಟಿ ತುಂಬಿದೆ, ಪಾಲಿಶ್ ಕಾಗದದಿಂದ ತಿಕ್ಕಿದೆ. ಆ ಪುಟ್ಟಿಯ ಧೂಳು ನನ್ನ ಧರ್ಮಪತ್ನಿ ಸಾರಿಕಾ ಒಣಹಾಕಿದ ಹಪ್ಪಳಗಳ ಮೇಲೆ ಸಮಾನತೆಯ ತತ್ವದಂತೆ ಹರಡಿತು.

"ಹಪ್ಪಳದಾಗ ಪುಟ್ಟಿ ಬಂದದ್ರಿ."

"ಸೋಸಿ ಕರಿ."

"ಹಪ್ಪಳ ಹ್ಯಾಂಗ್ರಿ ಸೋಸೂದು? ನಿಮ್ಮ ಸೈನ್ಸ್‌ನಾಗ ಅದಕ್ಕೇನರೆ ದಾರಿ ಅದನ?"

ಇರಲಿ. ಹಿಂದಿನ ಸಂಜೆ ಬಾಡಿಗೆಯ ಕಂಪ್ರೆಸರ್ ತಂದು ಕೊನೆಯ ಕೋಟ್ ಹೊಡೆದೆ. ಮಾವನವರ ಕಾಲದ ಅದೇ ಕೆನೆ ಬಣ್ಣ. ಮುಂಜಾನೆಯ ಇಬ್ಬನಿಯೊಂದನ್ನು ಬಿಟ್ಟು ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಹತ್ತು ಗಂಟೆಗೆ ಉಮಾಕಾಂತ ಬರುವವನಿದ್ದ. ಗಾಡಿ ಅವನಿಗೆ ಒಪ್ಪಿಗೆಯಾದರೆ, ಹಿಂದಿನ ದಿನವೇ ನಮ್ಮ ಮನೆಗೆ ಬಂದಿಳಿದಿದ್ದ ಅತ್ತೆ ಅದರ ಮುಂದಿನ ಸೀಟಿನಲ್ಲಿ ಕೂತು ಬೀರಪ್ಪನ ಗುಡಿಗೆ ಹೋಗುವವರಿದ್ದರು.

"ಅತ್ತಿ, ಬಣ್ಣ ಹಸಿ ಅದ. ಯಾರೂ ಮುಟ್ಟಬ್ಯಾಡ್ರಿ," ಎಂದು ಹೊಸ್ತಿಲಲ್ಲಿ ನಿಂತಿದ್ದ ಅವರಿಗೆ ಹೇಳಿ, ಬಣ್ಣಕ್ಕೆ ಗಾಳಿ ಬಿಡುವ ಟೇಬಲ್ ಫ್ಯಾನು ತರಲು ಒಳಗೆ ಹೋದೆ. ಫ್ಯಾನು ಹೊತ್ತು ಹೊರಗೆ ಬಂದಾಗ ಗಾಡಿ ಹಳದಿಯಾಗಿತ್ತು.

ಬಾನೆಟ್ಟು, ಬಾಗಿಲು, ಮಾಡು, ಎಲ್ಲೆಲ್ಲೂ ಹಳದಿ. ಅತ್ತೆ ಖಾಲಿ ಚೀಲ ಹಿಡಿದು, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಭಂಡಾರ! ಬೀರಪ್ಪನ ಅರಿಶಿಣದ ಪುಡಿ. ನಮ್ಮಲ್ಲಿ ಹೊಸ ಕಂಬಳಿಯಾಗಲಿ, ಹೊಸ ಟಗರಾಗಲಿ, ಹೊಸ ಅಳಿಯನಾಗಲಿ, ಮೇಲೆ ಭಂಡಾರ ಬೀಳದೆ ಬಳಕೆಗೆ ಬರುವುದಿಲ್ಲ.

"ಅತ್ತಿ! ಮುಟ್ಟಬ್ಯಾಡ್ರಿ ಅಂದಿದ್ನಲ್ರಿ!"

"ಮುಟ್ಟಿಲ್ರಿ ಅಳ್ಯಾರ," ಎಂದರು ಅವರು ನೊಂದ ದನಿಯಲ್ಲಿ. "ದೂರ ನಿಂತೇ ಉಗ್ಗೀನಿ."

ಅವರು ಚಹಾ ಮಾಡಲು ಒಳಗೆ ಹೋದರು. ನನ್ನ ಕಣ್ಣ ಮುಂದೆ ಉಮಾಕಾಂತನ ನಗು ಬಂತು. ಒಣ ಬಟ್ಟೆಯಿಂದ ಒರೆಸಿದೆ. ಹಳದಿ ಇನ್ನಷ್ಟು ಆಳಕ್ಕೆ ಇಳಿಯಿತು. ಬರಿ ನೀರು ಹಾಕಿದೆ, ಜಗ್ಗಲಿಲ್ಲ. ಮೂಲೆಯಲ್ಲಿ ಗ್ರೀಸಿನ ಜಿಡ್ಡು ತೆಗೆಯಲು ಇಟ್ಟಿದ್ದ ಒಂದು ಬಕೆಟ್ ಬಟ್ಟೆಸೋಡಾದ ನೀರಿತ್ತು. (ಇಲ್ಲಿಂದ ಮುಂದಿನದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.) ಬಕೆಟ್ ಎತ್ತಿ ಬಾನೆಟ್ಟಿನ ಮೇಲೆ ಸುರಿದೆ. ಮಾಡಿನ ಮೇಲೆ ಸುರಿದೆ. ಬಾಗಿಲಿಗೆ ಎರಚಿದೆ.

ಗಾಡಿ ಕೆಂಪಾಯಿತು. ಸಾಧಾರಣ ಕೆಂಪಲ್ಲ. ಗಾಜಿನಿಂದ, ಕನ್ನಡಿಯಿಂದ, ನಂಬರ್ ಪ್ಲೇಟಿನಿಂದ ಕಡುಗೆಂಪು ಧಾರೆ ಇಳಿದು ಅಂಗಳದಲ್ಲಿ ಹರಿಯಿತು.

ಹಿಂದೆ ಚಹಾದ ಕಪ್ಪು-ಬಸಿ ಬಿದ್ದ ಸದ್ದು.

"ಭಂಡಾರ ತೊಳದ್ರಿ?" ಎಂದರು ಅತ್ತೆ.

ನಾನು ಬಕೆಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿ ಮಗಳನ್ನು ಕರೆದರು. "ಸಾರಿಕಾ, ತಮ್ಮಗ ಫೋನ್ ಹಚ್ಚವ್ವ. ದೇವರಿಗಿ ಮನಸ್ಸಿಲ್ಲ. ಗಾಡಿ ರಕ್ತಾ ಕಾರ್ಲಕತ್ತದ. ಒಯ್ದು ಭಂಗಾರಕ್ಕ ಹಾಕು ಅನ್ನು."

ಮೂರು ತಿಂಗಳ ದುಡಿಮೆ, ಮಾವನವರ ಗಾಡಿ, ಅತ್ತೆಯ ಮುಂದಿನ ಸೀಟು, ಎಲ್ಲವೂ ಒಂದು ಬಕೆಟ್ಟಿನಲ್ಲಿ ಕೊಚ್ಚಿಹೋಗುವುದರಲ್ಲಿತ್ತು. "ತಡೀರಿ!" ಎಂದೆ. "ಇದು ದೇವರ ಸಿಟ್ಟಲ್ಲ. ರಸಾಯನಶಾಸ್ತ್ರ! ಅರಿಶಿಣಕ್ಕ ಸೋಡಾ ಬಿದ್ರ ಕೆಂಪು, ಹುಳಿ ಬಿದ್ರ ಮತ್ತ ಹಳದಿ. ತೋರಿಸ್ತೀನಿ ನೋಡ್ರಿ."

ಅಡಿಗೆಮನೆಯ ಲಿಂಬೆಹಣ್ಣೆಲ್ಲ ತಂದು ಒಂದೊಂದಾಗಿ ಕೊಯ್ದು ಬಾನೆಟ್ಟಿನ ಮೇಲೆ ಹಿಂಡತೊಡಗಿದೆ. ಆಗ ಗೋಡೆಯಾಚೆ ಪಕ್ಕದ ಮನೆಯ ಸುಮನಬಾಯಿಯ ತಲೆ ಮೂಡಿತು. ಕೆಂಪು ಗಾಡಿ, ಕೊಯ್ದ ಲಿಂಬೆಹಣ್ಣು, ಬನಿಯನ್ನಿನಲ್ಲಿ ನಾನು.

"ಅಗ್ಗಬಾಈ! ಮಾಟಾ ಮಾಡಿಸ್ಯಾರೇನ್ರಿ ಸರ?" ಎಂದರು. "ಹೋದ ವಾರ ನನ್ನ ಅಂಗಡಿ ಬಾಗಿಲಿಗಿ ಕಟ್ಟಿದ್ದ ಲಿಂಬಿಹಣ್ಣ ಮೂಢನಂಬಿಕಿ ಅಂತ ನೀವೇ ಬಿಚ್ಚಿಸಿದ್ರಿ! ಈಗ ನಿಮ್ಮ ಗಾಡಿಗಿ ಇಷ್ಟ್ಯಾಕ್ ಹಿಂಡ್ತೀರಿ?"

"ಇದು ಪ್ರಯೋಗ ಬಾಯಿ!"

"ಹೌದೌದು. ನಮ್ಮ ಮಾಂತ್ರಿಕನೂ ಹಾಂಗೇ ಅಂತಾನ."

ಆದರೆ ವಿಜ್ಞಾನ ಕೈಬಿಡಲಿಲ್ಲ. ರಸ ಬಿದ್ದಲ್ಲೆಲ್ಲ ಕೆಂಪು ಕರಗಿ ಹಳದಿ ಮರಳಿತು. ಅತ್ತೆ ಹತ್ತಿರ ಬಂದರು, ಬಾಗಿ ನೋಡಿದರು, ತಾವೇ ಒಂದು ಹೋಳು ಹಿಂಡಿ ನೋಡಿದರು. ಅವರ ಮುಖ ಬಿಚ್ಚಿತು.

"ಅಂದ್ರ ದೇವರಿಗಿ ಸಿಟ್ಟಿಲ್ಲ?"

"ಇಲ್ರಿ ಅತ್ತಿ."

"ಸೋಡಾ ಹಾಕಿದ್ರ ಕೆಂಪಾಗ್ತದಂತ ನಿಮಗ ಮೊದ್ಲೇ ಗೊತ್ತಿತ್ತು?"

"ಗೊತ್ತಿತ್ತು..." ಎನ್ನುವಷ್ಟರಲ್ಲಿ ನಾನು ಎಲ್ಲಿ ಬಂದು ನಿಂತಿದ್ದೇನೆಂದು ನನಗೇ ತಿಳಿಯಿತು.

"ಗೊತ್ತಿದ್ದೂ ಹಾಕಿದ್ರಿ?"

ಬೀರಪ್ಪನನ್ನು ನಿರ್ದೋಷಿಯೆಂದು ಸಾಬೀತು ಮಾಡಿದ ಮೇಲೆ ಉಳಿದ ಆರೋಪಿ ನಾನೊಬ್ಬನೇ.

"ನಮ್ಮನ್ಯಾಗ ಬಟ್ಟಿ ಒಗ್ಯಾಕಿಗೂ ಗೊತ್ತದ ಅದು," ಎಂದಳು ಸಾರಿಕಾ. (ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವಳು ಅವಳೇ.)

ಹತ್ತಕ್ಕೆ ಉಮಾಕಾಂತ ಬಂದ. ಸಂದುಗಳಲ್ಲಿ ಕೆಂಪು, ನಡುವೆ ಕೆನೆ, ಉಳಿದೆಡೆ ಅರಿಶಿಣ. ಗಾಡಿಯನ್ನು ಒಂದು ಸುತ್ತು ಹಾಕಿ, "ದಾಜಿ, ಇದು ಯಾವ ಬಣ್ಣ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಾಗಿಲು ತೆಗೆದು ಮುಂದೆ ಹತ್ತಿ ಕೂತಿದ್ದರು. "ಬೀರಪ್ಪನ ಬಣ್ಣ. ಭಂಗಾರದ ಮಾತ ಇನ್ನ ಎತ್ತಬ್ಯಾಡ. ಸುಮ್ನ ಹಿಂದ ಹತ್ತು," ಎಂದರು.

ಗಾಡಿ ಉಳಿಯಿತು. ಗುಡಿಗೆ ಹೋಗುವ ತುರೋರಿಯ ರಸ್ತೆಯಲ್ಲಿ ಲಾರಿಯವರು ಹಾರ್ನ್ ಹೊಡೆದು ಕೈ ಮುಗಿಯುತ್ತಿದ್ದರು. ನಾನು ಸ್ಟಿಯರಿಂಗ್ ಹಿಡಿದು, ರಸ್ತೆ ಬಿಟ್ಟು ಬೇರೇನನ್ನೂ ನೋಡದೆ ಓಡಿಸುತ್ತಿದ್ದೆ. ನಡುವೆ ಕುಳಿತ ಸಾರಿಕಾ ನನ್ನ ಕಡೆ ತಿರುಗಿ ಮುಗುಳ್ನಕ್ಕಳು. ಅದೇ ನನಗೆ ಅನುಮಾನ.

"ರೀ," ಎಂದಳು ಜೇನಿನಂಥ ದನಿಯಲ್ಲಿ. "ಹೋದ ವರ್ಷ ಶಾಲಿ ಗ್ಯಾದರಿಂಗಿನಾಗ ಮೈಕ್ ಹಿಡದು ಹೇಳಿದ್ರಲ್ಲ, ಈ ಅರಿಶಿಣಾ-ಸೋಡಾದ ಪ್ರಯೋಗ ನಾ ಇಷ್ಟ ಹುಡುಗ್ರಿಗಿ ಕಲಿಸೀನಿ ಅಂತ. ಎಷ್ಟಂದಿದ್ರಿ?"

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯವಿರಲಿಲ್ಲ.

"ಹೇಳ್ರಿ. ಅವ್ವ ಕೇಳ್ಲಕತ್ತಾಳ."

"ಎರಡು ಸಾವಿರದ ಮುನ್ನೂರ ನಲವತ್ತು."